ತಂದೆಯ ಕಡೆಯ ಕಾಯಿಲೆ ಲೆಕ್ಕಕ್ಕಿಲ್ಲವೇ?

ಮಾನ್ಯರೇ,

ಆರೋಗ್ಯ ಕೇಂದ್ರಗಳ ವೈದ್ಯರಿಗೆ ಸ್ತನ ಕ್ಯಾನ್ಸರ್ ಅಪಾಯ ಗುರುತಿಸುವ ತರಬೇತಿ ನಡೆದ ಸುದ್ದಿಯನ್ನು ಸೋಮವಾರ ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಅದನ್ನೇ ನಂಬಿ ಬುಧವಾರ ನಮ್ಮ ಹೋಬಳಿಯ ಕೇಂದ್ರಕ್ಕೆ ಹೋದೆ. ಆ ಸುದ್ದಿಯ ಫೋಟೊದ ಎರಡನೇ ಸಾಲಿನಲ್ಲಿ ನಿಂತಿದ್ದ ವೈದ್ಯರೇ ಅಲ್ಲಿದ್ದರು. ಅವರು ಬಂದದ್ದು 11.40ಕ್ಕೆ. ನಾನು ಒಂದು ದಿನದ ಸಾಂದರ್ಭಿಕ ರಜೆ ಹಾಕಿ, ಎಂಟರ ಬಸ್ಸು ಹಿಡಿದು, ಓಪಿಡಿ ಚೀಟಿ ಮಾಡಿಸಿ ಕುಳಿತಿದ್ದೆ. ಕುಳಿತಿದ್ದೆ ಎನ್ನುವುದೂ ತಪ್ಪು. ಇದ್ದ ಒಂದೇ ಬೆಂಚಿನಲ್ಲಿ ಜ್ವರದ ಮಕ್ಕಳು ಮಲಗಿದ್ದವು.

ನನ್ನ ತಂದೆಯ ಅಕ್ಕ 44ನೇ ವಯಸ್ಸಿನಲ್ಲಿ, ತಂಗಿ 39ರಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ನನಗೀಗ 37. ಗಂಟಿಲ್ಲ, ನೋವಿಲ್ಲ. ಯಾವ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ, ಎಲ್ಲಿ ಮಾಡಿಸಬೇಕು ಎಂದು ಕೇಳಲು ಹೋಗಿದ್ದೆ. ಪರದೆಯಿಲ್ಲದ ಕೋಣೆಯಲ್ಲಿ, ಬಾಗಿಲಲ್ಲಿ ಗಂಡಸರು ನಿಂತಿರುವಾಗಲೇ, ‘ತಾಯಿಗೆ ಇತ್ತೇ? ಅಕ್ಕತಂಗಿಯರಿಗೆ?’ ಎಂದು ವೈದ್ಯರು ಕೇಳಿದರು. ಇಲ್ಲ, ಸೋದರತ್ತೆಯರಿಬ್ಬರಿಗೆ ಎಂದೆ. ‘ತಂದೆಯ ಕಡೆಯದು ಲೆಕ್ಕಕ್ಕೆ ಬರುವುದಿಲ್ಲ ಟೀಚರ್, ಸುಮ್ಮನೆ ಹೆದರಬೇಡಿ’ ಎಂದು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಎರಡು ನಿಮಿಷವೂ ಆಗಿರಲಿಲ್ಲ.

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಪ್ರತಿ ವರ್ಷ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತೇನೆ. ತಂದೆ ತಾಯಿ ಇಬ್ಬರಿಂದಲೂ ವಂಶವಾಹಿಗಳು ಬರುತ್ತವೆ ಎಂದು ಬರೆಯದ ಮಗುವಿಗೆ ನಾನು ಅಂಕ ಕೊಡುವುದಿಲ್ಲ. ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಯ ದೋಷ ತಂದೆಯಲ್ಲಿದ್ದರೆ, ಅವರಿಗೆ ಕಾಯಿಲೆಯೇ ಬಾರದಿದ್ದರೂ, ಅದು ಮಗಳಿಗೆ ದಾಟುವ ಸಾಧ್ಯತೆ ಶೇ 50. ಸ್ತನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಅದು ವಂಶದಿಂದ ಬಂದದ್ದಲ್ಲ, ಒಪ್ಪುತ್ತೇನೆ. ಆದರೆ ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಐವತ್ತು ದಾಟುವ ಮೊದಲೇ ಹೋಗಿದ್ದಾರೆ ಎಂದಾಗ ಕಿವಿ ನಿಮಿರಬೇಡವೇ? ಇಡೀ ದಿನದ ತರಬೇತಿಯಲ್ಲಿ ಇದನ್ನು ಹೇಳಿಕೊಡದೆ ಇನ್ನೇನು ಹೇಳಿಕೊಟ್ಟರು?

ಬರುವಾಗ ನರ್ಸ್ ನನ್ನ ಹೆಸರನ್ನು ಕಂಪ್ಯೂಟರ್‌ನಲ್ಲಿ ಹುಡುಕಿ, ‘ನಿಮ್ಮದು ಕಳೆದ ವರ್ಷವೇ ತಪಾಸಣೆ ಆಗಿದೆಯಲ್ಲ’ ಎಂದರು. ಯಾರು ಮಾಡಿದರು? ನನ್ನನ್ನು ಯಾರೂ ಮುಟ್ಟಿ ನೋಡಿಲ್ಲ! ಮೂವತ್ತರಿಂದ ಅರವತ್ತೈದು ವರ್ಷದೊಳಗಿನ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ತರಬೇತಾದ ಸಿಬ್ಬಂದಿ ಸ್ತನ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಅದು ಟಿಕ್ ಗುರುತಿನಲ್ಲೇ ಮುಗಿದಿದೆ. ಪಾಪ, ಆಶಾ ಕಾರ್ಯಕರ್ತೆಯರನ್ನು ನಾನು ದೂರುವುದಿಲ್ಲ. ಅವರು ಮನೆಮನೆಗೆ ತರುವ ನಮೂನೆಯಲ್ಲೇ ಕುಟುಂಬದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಇದೆಯೇ ಎಂಬ ಪ್ರಶ್ನೆ ಇದೆ. ಕುಟುಂಬದಲ್ಲಿ ಕ್ಯಾನ್ಸರ್ ಇತ್ತೇ ಎಂಬ ಪ್ರಶ್ನೆ ಇಲ್ಲ. ಎದೆಯಲ್ಲಿ ಗಂಟಿದೆಯೇ ಎಂದು ಕೇಳುತ್ತಾರೆ. ಗಂಟು ಬಂದ ಮೇಲೆ ಕೇಳುವುದು ಅಪಾಯದ ಅಂದಾಜು ಹೇಗಾಗುತ್ತದೆ?

ಸರಿಯಾಗಿ ಕಲಿಸಿದರೆ ಕೆಲಸ ಆಗುತ್ತದೆ. ಮುಂಬೈಯ ಟಾಟಾ ಆಸ್ಪತ್ರೆಯವರು 1998ರಿಂದ ಇಪ್ಪತ್ತು ವರ್ಷ, ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನದಲ್ಲಿ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಐವತ್ತು ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ 30ರಷ್ಟು ಇಳಿಯಿತು. 2022ರ ಅಂದಾಜಿನಂತೆ ದೇಶದಲ್ಲಿ ಒಂದೇ ವರ್ಷಕ್ಕೆ 1.92 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಪತ್ತೆಯಾಗಿದೆ, 98 ಸಾವಿರ ಮಂದಿ ಸತ್ತಿದ್ದಾರೆ. ನಮ್ಮ ಅಧಿಕಾರಿಗಳಿಗೆ ಇದು ಭಾಷಣಕ್ಕೆ ಬೇಕಾದ ಅಂಕಿ ಅಷ್ಟೇ.

ಇದೇ ಕೇಂದ್ರಕ್ಕೆ ಮಹಿಳಾ ವೈದ್ಯರು ಬೇಕೆಂದು ಎರಡು ವರ್ಷದ ಹಿಂದೆ ನಾವು ಎಪ್ಪತ್ತು ಜನ ಸಹಿ ಹಾಕಿ ಮನವಿ ಕೊಟ್ಟಿದ್ದೆವು. ಕಡತ ಬೆಂಗಳೂರಿಗೆ ಹೋಗಿದೆ ಎಂದರು, ಇನ್ನೂ ಬಂದಿಲ್ಲ.

ಈ ತರಬೇತಿಯನ್ನು ಮತ್ತೊಮ್ಮೆ, ನೆಟ್ಟಗೆ ಮಾಡಿ. ವೈದ್ಯರ ಜೊತೆಗೆ ನರ್ಸ್‌ಗಳಿಗೂ ಆಶಾ ಕಾರ್ಯಕರ್ತೆಯರಿಗೂ ಕಲಿಸಿ. ಇಲ್ಲವೇ ಮೊದಲು ಮಹಿಳಾ ವೈದ್ಯರನ್ನಾದರೂ ಕೊಡಿ, ಒಂದು ಪರದೆಯನ್ನಾದರೂ ಹಾಕಿಸಿ. ಏನಾದರೂ ಮಾಡಿ! ನಾನು ಶನಿವಾರ ಇನ್ನೊಂದು ರಜೆ ಹಾಕಿ ಬೆಂಗಳೂರಿಗೆ ಹೊರಟಿದ್ದೇನೆ, ನನಗೆ ಸಂಬಳ ಬರುತ್ತದೆ. ಕೂಲಿ ಬಿಟ್ಟು ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರು ಎಲ್ಲಿಗೆ ಹೋಗಬೇಕು? ಮುಟ್ಟಿಯೂ ನೋಡದೆ ತಪಾಸಣೆ ಆಗಿದೆ ಎಂದು ಬರೆದುಕೊಂಡ ಇಲಾಖೆಯವರಿಗೆ ನಾಚಿಕೆಯಾಗಬೇಕು.

– ನೊಂದ ಶಿಕ್ಷಕಿ