ಕುರ್ಚಿಯ ಕಾಲು ಮೊದಲು ಕಾಣಲಿ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಸ್ಕ್ರಿಪ್ಟ್ ಎರಡು ಸಲ ಓದಿದೆ. 5 ನಿಮಿಷದ ಮೂಕಿ ಹಾಸ್ಯಕ್ಕೆ 14 ಟೈಟಲ್ ಕಾರ್ಡ್ (ದೃಶ್ಯಗಳ ನಡುವೆ ತೆರೆಯ ಮೇಲೆ ಬರುವ ಬರಹ) ಬರೆದಿದ್ದೀಯ. ಕುರ್ಚಿಯ ಕಾಲು ಮುರಿದಿದೆ ಎಂಬುದನ್ನು ಅಧ್ಯಕ್ಷರು ಬಿದ್ದ ಮೇಲೆ ತೋರಿಸುತ್ತೀಯಲ್ಲ, ಅದಕ್ಕೇ ಇಷ್ಟು ವಿವರಣೆ ಬೇಕಾಗಿದೆ. ಮೊದಲೇ ತೋರಿಸು.

1895ರಲ್ಲಿ ಸಿನಿಮಾದ ಆದ್ಯರಾದ ಫ್ರಾನ್ಸಿನ ಲೂಮಿಯೇರ್ ಸಹೋದರರು ತೋರಿಸಿದ ತೋಟದ ಮಾಲಿಯ ಚಿತ್ರ ಒಂದು ನಿಮಿಷವೂ ಇಲ್ಲ, ಒಂದೇ ಶಾಟ್. ಹುಡುಗ ಹಿಂದಿನಿಂದ ಬಂದು ಪೈಪ್ ತುಳಿಯುತ್ತಾನೆ. ನೀರು ನಿಲ್ಲುತ್ತದೆ. ಮಾಲಿ ಪೈಪಿನ ಬಾಯಿಗೆ ಇಣುಕುತ್ತಾನೆ, ಹುಡುಗ ಕಾಲೆತ್ತುತ್ತಾನೆ. ತುಳಿದ ಕಾಲು ನಮಗೆ ಕಂಡಿದೆ, ಮಾಲಿಗೆ ಕಂಡಿಲ್ಲ; ಹಾಗಾಗಿ ಅವನು ಬಗ್ಗಿದಾಗಲೇ ನಮಗೆ ನಗು ಬಂದಿರುತ್ತದೆ. ಇಬ್ಬರೂ, ಪೈಪೂ ಒಂದೇ ಚೌಕಟ್ಟಿನಲ್ಲಿರುವುದನ್ನು ಗಮನಿಸು. ನೀನು ಅದನ್ನೇ ಮೂರು ಕ್ಲೋಸಪ್ಪಾಗಿ ಕತ್ತರಿಸಿದರೆ ನಗು ಸತ್ತೇಹೋಗುತ್ತದೆ.

ಚಾಪ್ಲಿನ್ನರ ಕಷ್ಟ ಇನ್ನೂ ದೊಡ್ಡದು. 1931ರ 'ಸಿಟಿ ಲೈಟ್ಸ್'ನಲ್ಲಿ ಕಣ್ಣು ಕಾಣದ ಹೂ ಮಾರುವ ಹುಡುಗಿ ಅಲೆಮಾರಿಯನ್ನು ಸಾಹುಕಾರನೆಂದು ನಂಬಬೇಕು. ಅವಳಿಗೆ ಕಾಣಿಸುವುದಿಲ್ಲ, ಚಿತ್ರಕ್ಕೆ ಮಾತಿಲ್ಲ. ಪರಿಹಾರ ಕಾರಿನ ಬಾಗಿಲು! ಪೊಲೀಸನನ್ನು ತಪ್ಪಿಸಿಕೊಳ್ಳಲು ಅಲೆಮಾರಿ ನಿಂತ ಕಾರಿನ ಒಂದು ಬಾಗಿಲಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತಾನೆ. ಬಾಗಿಲು ಮುಚ್ಚಿದೊಡನೆ ಹುಡುಗಿ ಅತ್ತ ತಿರುಗಿ ಹೂ ಚಾಚುತ್ತಾಳೆ, ಅವನು ನಾಣ್ಯ ಕೊಟ್ಟು ಕೊಳ್ಳುತ್ತಾನೆ. ಆಮೇಲೆ ಕಾರಿನ ನಿಜವಾದ ಯಜಮಾನ ಬಂದು ಹತ್ತಿ ಹೊರಟುಬಿಡುತ್ತಾನೆ. ಚಿಲ್ಲರೆ ತೆಗೆದುಕೊಳ್ಳದೆ ಹೋದವನು ತನ್ನ ಗಿರಾಕಿಯೇ ಎಂದುಕೊಳ್ಳುತ್ತಾಳೆ ಅವಳು. ಅಲೆಮಾರಿ ಸದ್ದಿಲ್ಲದೆ ಅಲ್ಲಿಂದ ಸರಿಯುತ್ತಾನೆ. ಒಂದೇ ವಸ್ತು ಪೊಲೀಸನ ಹಾಸ್ಯಕ್ಕೂ, ತಪ್ಪು ತಿಳಿವಳಿಕೆಗೂ, ಕರುಣೆಗೂ ದುಡಿಯಿತು. ಇಷ್ಟು ಚೊಕ್ಕ ಕಥೆಗಾರಿಕೆ ನನಗೆ ಬೇರೆಲ್ಲೂ ಕಾಣುವುದಿಲ್ಲ. ನಿನ್ನ ಕುರ್ಚಿಗೂ ಎರಡನೆಯ ಕೆಲಸ ಹುಡುಕು.

ಬೀಳುವ ಶಾಟ್ ಅಡಿಯಿಂದ ಮುಡಿಯವರೆಗೆ ಕಾಣಲಿ, ನಡುವೆ ಕಟ್ ಬೇಡ. 1928ರ ಚಿತ್ರವೊಂದರಲ್ಲಿ ಮೂಕಿ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಮನೆಯ ಮುಂಗೋಡೆ ಇಡಿಯಾಗಿ ಬಿದ್ದು, ಮೇಲಿನ ಕಿಟಕಿಯ ತೆರಪು ಅವನನ್ನು ಉಳಿಸಿತಲ್ಲ, ಅದು ಒಂದೇ ಶಾಟ್ ಆದ್ದರಿಂದಲೇ ಇಂದಿಗೂ ಎದೆ ನಡುಗಿಸುತ್ತದೆ. (ಅಂಥದ್ದನ್ನು ನೀನು ಮಾಡಹೋಗಬೇಡ. ಕುರ್ಚಿಯ ಹಿಂದೆ ಕ್ಯಾಮೆರಾಕ್ಕೆ ಕಾಣದಂತೆ ದಪ್ಪ ಹಾಸಿಗೆ ಹಾಕು.)

ವೇಗದ ವಿಷಯ. ಸೆಕೆಂಡಿಗೆ 16 ಫ್ರೇಮ್ (ಬಿಡಿ ಚಿತ್ರ) ಹಿಡಿದದ್ದನ್ನು 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ಚುರುಕಾಗುತ್ತದೆ. ಓಟಕ್ಕೆ ಅದು ಸರಿ, ಮುಖಭಾವಕ್ಕೆ ಬೇಡ. ಅಧ್ಯಕ್ಷರ ಗಾಬರಿ ಓದುವ ಮೊದಲೇ ಮಾಯವಾಗುತ್ತದೆ.

ಮುರಿದ ಕಾಲನ್ನು 3 ಸೆಕೆಂಡ್ ತೋರಿಸು. ಆಮೇಲೆ ಅಧ್ಯಕ್ಷರು ಕೂರಲು ಹೋಗಿ ಎರಡು ಸಲ ಎದ್ದುಬಿಡಲಿ, ಮೂರನೆಯ ಸಲ ಕೂರಲಿ. ಕಾರ್ಡ್ ನಾಲ್ಕಕ್ಕಿಳಿಸಿ ಮತ್ತೆ ಕಳಿಸು.

ಇಂತಿ,
ನಿನ್ನ ಮಾವ