ಲಿಸ್ಬನ್‌ಗೆ ಹೊರಟವಳಿಗೆ ದೊಡ್ಡಮ್ಮನ ಪತ್ರ

ಹೊನ್ನಾವರ

ಪ್ರೀತಿಯ ಶ್ರಾವ್ಯಾ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ ಪಟ್ಟಿ ನೋಡಿದೆ. ಲಿಸ್ಬನ್, ಸಿಂತ್ರಾ, ಕಾಸ್ಕಾಯಿಸ್, ಅದರ ಮೇಲೆ ಪೋರ್ಟೊ ಬೇರೆ! ಶುಕ್ರವಾರ ರಾತ್ರಿ ಇಳಿದು ಮಂಗಳವಾರ ಸಂಜೆ ಮ್ಯೂನಿಕ್‌ಗೆ ವಾಪಸ್ ಹೊರಡುವವಳು ಇಷ್ಟನ್ನೆಲ್ಲ ಯಾವಾಗ ನೋಡುತ್ತೀ ಕೂಸೇ? ಪೋರ್ಟೊಗೆ ರೈಲಿನಲ್ಲಿ ಸುಮಾರು ಮೂರು ತಾಸು. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅದನ್ನು ಇವತ್ತೇ ಹೊಡೆದು ಹಾಕು. ಸಿಂತ್ರಾವನ್ನೂ ಈ ಸಲ ಬಿಡು. ಅಲ್ಲಿನ ಪೇನಾ ಅರಮನೆ ಚೆನ್ನಾಗಿಲ್ಲ ಅಂತಲ್ಲ. ಆದರೆ ರೋಸಿಯು ಸ್ಟೇಷನ್ನಿನಿಂದ 40 ನಿಮಿಷ ರೈಲು, ಆಮೇಲೆ ಗುಡ್ಡ ಹತ್ತುವ ಬಸ್ಸಿಗೆ ಕಾಯುವುದು, ಒಳಗೆ ಹೋಗುವುದಕ್ಕೆ ಟೈಮ್ ಹಾಕಿದ ಟಿಕೆಟ್. ನವೆಂಬರಿನಲ್ಲಿ ಅಲ್ಲಿ ಮಂಜು ಕವಿದರೆ ಎದುರಿಗಿನ ಅರಮನೆಯೂ ಕಾಣುವುದಿಲ್ಲ.

ರಘು ಅಲ್ಲಿ ಕೆಲಸದಲ್ಲಿದ್ದಾಗ ನಾನೂ ದೊಡ್ಡಪ್ಪನೂ ಒಂದು ಚಳಿಗಾಲ ಅವನ ಮನೆಯಲ್ಲೇ ಇದ್ದೆವಲ್ಲ. ಅವನು ಆಫೀಸಿಗೆ ಹೋದ ಮೇಲೆ ನಮಗೆ ತಿರುಗುವುದೇ ಕೆಲಸ. ಹಾಗೆ ತಿರುಗಿದವಳಾಗಿ ಹೇಳುತ್ತೇನೆ: ಅದು ಗುಡ್ಡಗಳ ಊರು. ದಿನಕ್ಕೆ ಒಂದು ಗುಡ್ಡ ಸಾಕು. ಹತ್ತುವುದಕ್ಕೆ ಟ್ರಾಮ್, ಇಳಿಯುವುದಕ್ಕೆ ಕಾಲು. ಇಷ್ಟು ಇಟ್ಟುಕೊಂಡರೆ ಊರು ತಾನಾಗಿ ಕಾಣುತ್ತದೆ.

ಮೊದಲು ಚಪ್ಪಲಿಯ ಮಾತು. ಆ ಊರಿನ ಫುಟ್‌ಪಾತುಗಳಿಗೆಲ್ಲ ಬಿಳಿ ಸುಣ್ಣಕಲ್ಲು, ಕರಿಕಲ್ಲುಗಳ ಸಣ್ಣ ಸಣ್ಣ ತುಂಡು ಜೋಡಿಸಿ ಅಲೆ, ಹೂವು, ಹಡಗಿನ ಚಿತ್ತಾರ ಮಾಡಿದ್ದಾರೆ. ನೋಡಲು ಬಲು ಚಂದ. ಎರಡು ಹನಿ ಮಳೆ ಬಿದ್ದರೆ ಮಾತ್ರ ಮಳೆಗಾಲದ ಅಡಿಕೆ ತೋಟದ ಪಾಚಿಗಲ್ಲಿನ ಹಾಗೆ ಜಾರುತ್ತದೆ. ಹಿಡಿತ ಇರುವ ಶೂ ಹಾಕು. ಫೋಟೋಕ್ಕೆ ಅಂತ ತಂದ ಆ ನಯವಾದ ಚಪ್ಪಲಿ ರೂಮಿನಲ್ಲೇ ಇರಲಿ. ಪಾಸ್‌ಪೋರ್ಟ್, ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಎರಡೂ ಜೊತೆಗಿರಲಿ. ಏರ್‌ಪೋರ್ಟಿನಿಂದಲೇ ಮೆಟ್ರೋ ಇದೆ, ಟ್ಯಾಕ್ಸಿ ಬೇಕಿಲ್ಲ. ಅಲ್ಲಿನ ಮಷೀನಿನಲ್ಲಿ 'ನಾವೆಗಾಂತ್' ಕಾರ್ಡ್ ತಗೊಂಡು ದುಡ್ಡು ಹಾಕಿಸಿಕೋ. ಮೆಟ್ರೋ, ಟ್ರಾಮ್, ಬಸ್ಸು, ಹೊಳೆ ದಾಟುವ ದೋಣಿ ಎಲ್ಲದಕ್ಕೂ ಅದೇ ನಡೆಯುತ್ತದೆ.

ಶನಿವಾರ ಊರಿನ ಹಳೇ ಕೇರಿ ಅಲ್ಫಾಮಾಗೆ ಹೋಗು. 28ನೇ ನಂಬರಿನ ಹಳದಿ ಟ್ರಾಮ್ ಹತ್ತಬೇಕು ಅಂತ ಎಲ್ಲರೂ ಹೇಳುತ್ತಾರೆ. ಮಾರ್ತಿಂ ಮೊನೀಜ್ ಸ್ಟಾಪಿನಲ್ಲಿ ಅದಕ್ಕಿರುವ ಕ್ಯೂ ನೋಡಿದರೆ ಸಾಕಾಗುತ್ತದೆ, ಒಳಗೆ ಜೇಬುಗಳ್ಳರ ಕಾಟ ಬೇರೆ. ಹತ್ತಲೇಬೇಕು ಅಂತಿದ್ದರೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ಬ್ಯಾಗ್ ಎದೆಗೆ ಅವುಚಿಕೊಂಡು ಹತ್ತು. ಇಲ್ಲವಾದರೆ 12ನೇ ನಂಬರಿನದು ಹಿಡಿ. ಅದೇ ಹಳೇ ಗಾಡಿ, ಅದೇ ಗುಡ್ಡ, ಜನ ಕಮ್ಮಿ. ಪೋರ್ತಾಸ್ ದೊ ಸೋಲ್ ಅನ್ನುವ ಕಟ್ಟೆಯ ಹತ್ತಿರ ಇಳಿದರೆ ಕೆಂಪು ಹಂಚಿನ ಮಾಡುಗಳ ಆಚೆ ತೇಜು ನದಿ ಕಾಣುತ್ತದೆ. ಸಮುದ್ರ ಅಂದುಕೊಳ್ಳಬೇಕು, ಅಷ್ಟು ಅಗಲ. ನಮ್ಮ ಶರಾವತಿ ಅಳಿವೆ ನೋಡಿ ಬೆಳೆದ ನಿನಗೆ ಆ ಉಪ್ಪುಗಾಳಿ ಹೊಸದಲ್ಲ.

ಅಲ್ಲಿಂದ ಮೊಬೈಲು ಚೀಲಕ್ಕೆ ಹಾಕಿ ಸುಮ್ನೆ ಇಳಿ. ಅಲ್ಫಾಮಾದಲ್ಲಿ ಮ್ಯಾಪ್ ಉಪಯೋಗಕ್ಕೆ ಬರುವುದಿಲ್ಲ. ಮೂರ್ ಅಂತ ಕರೆಯುವ ಮುಸ್ಲಿಂ ದೊರೆಗಳ ಕಾಲದ ಓಣಿಗಳು, ಅರ್ಧ ಮೆಟ್ಟಿಲು, ಅರ್ಧ ಯಾರದೋ ಮನೆ ಬಾಗಿಲು. 1755ರ ನವೆಂಬರ್ 1ರಂದು, ಎಲ್ಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚಿನಲ್ಲಿದ್ದಾಗ ಭೂಕಂಪ ಆಯಿತು. ಹಿಂದೆಯೇ ಸುನಾಮಿ, ಆಮೇಲೆ ಬೆಂಕಿ. ಊರಿನ ಬಹುಪಾಲು ಹೋಯಿತು. ಅಲ್ಫಾಮಾದ ಓಣಿಗಳು ಮಾತ್ರ ಬಹುಮಟ್ಟಿಗೆ ಉಳಿದವು. ದಾರಿ ತಪ್ಪಿದರೂ ಇಳಿಜಾರಿನಲ್ಲೇ ನಡೆದರೆ ಹೊಳೆಯ ದಂಡೆಗೇ ಬಂದು ನಿಲ್ಲುತ್ತೀ.

ದಂಡೆಯ ಹತ್ತಿರ ಮುಖದ ತುಂಬ ಮೊನಚು ಕಲ್ಲುಗಳಿರುವ ಒಂದು ಮನೆ ಇದೆ, ಕಾಸಾ ದೊಸ್ ಬಿಕೊಸ್. 1523ರ ಸುಮಾರಿಗೆ ಕಟ್ಟಿದ್ದು. ಕಟ್ಟಿಸಿದವನು ಗೋವಾ ಗೆದ್ದ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಅಲ್ಬುಕರ್ಕ್‌ನ ಮಗ. 1510ರಲ್ಲಿ ಗೋವಾದ ಮೇಲೆ ಹೋಗು ಅಂತ ಅಲ್ಬುಕರ್ಕ್‌ಗೆ ಹೇಳಿಕೊಟ್ಟು ಹಡಗು ಜನ ಒದಗಿಸಿದ ತಿಮ್ಮೋಜ ನಮ್ಮ ಹೊನ್ನಾವರದ ಕಡೆಯವನು. ಅವನಿಗೂ ಪೋರ್ಚುಗೀಸರಿಗೂ ಅದರಿಂದ ಏನೇನು ಸಿಕ್ಕಿತು, ಯಾರಿಗೆ ಜಾಸ್ತಿ ಸಿಕ್ಕಿತು ಅನ್ನುವುದನ್ನು ಆ ಮನೆ ಎದುರು ನಿಂತು ಯೋಚಿಸು. ದೊಡ್ಡಪ್ಪ ಅಲ್ಲಿ ನಿಂತು ಅರ್ಧ ತಾಸು ಭಾಷಣ ಮಾಡಿದ್ದರು, ನಾನು ಚಳಿಯಲ್ಲಿ ನಡುಗುತ್ತ ಕೇಳಿದ್ದೆ.

ಫಾದೊ ಹಾಡು ಕೇಳುವ ಆಸೆ ಬರೆದಿದ್ದೀ. ಊಟದ ಜೊತೆ ಹಾಡಿಸುವ ದೊಡ್ಡ ಹೋಟೆಲುಗಳಲ್ಲಿ ಇಷ್ಟು ಖರ್ಚು ಮಾಡಲೇಬೇಕು ಅಂತ ಇರುತ್ತದೆ, ಮೊದಲೇ ಕೇಳಿಕೋ. ಹಾಡು ಶುರುವಾದರೆ ದೀಪ ತಗ್ಗಿಸುತ್ತಾರೆ, ಆಗ ಪಿಸುಮಾತೂ ಆಡಬಾರದು.

ಭಾನುವಾರ ಬೆಲೆಂಗೆ. ಇದನ್ನು ಸೋಮವಾರಕ್ಕೆ ದೂಡಬೇಡ, ಅವತ್ತು ಅಲ್ಲಿ ಮಠಕ್ಕೂ ಗೋಪುರಕ್ಕೂ ರಜೆ. ಜೆರೊನಿಮೊಸ್ ಮಠದ ಚರ್ಚಿನಲ್ಲಿ ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರನ್ನು ಮಧ್ಯಾಹ್ನದ ಮೇಲೆ ಬಿಡುತ್ತಾರೆ. ಹಾಗಾಗಿ ಮೊದಲು ಹೊಳೆದಂಡೆ ಮುಗಿಸಿಕೋ. 15ನೇ ನಂಬರಿನ ಟ್ರಾಮ್ ಅಲ್ಲಿಗೇ ಹೋಗುತ್ತದೆ.

ಬೆಲೆಂ ಗೋಪುರವನ್ನು 2025ರಲ್ಲಿ ದುರಸ್ತಿಗೆ ಮುಚ್ಚಿದ್ದರು. ತೆರೆದಿದೆಯಾ ಅಂತ ವಿಚಾರಿಸು. ಒಳಗೆ ಬಿಡದಿದ್ದರೂ ಬೇಸರ ಬೇಡ, ಚಂದ ಇರುವುದು ಹೊರಗೇ. ಒಂದು ಮೂಲೆಯ ಕಾವಲು ಗೂಡಿನ ಬುಡದಲ್ಲಿ ಘೇಂಡಾಮೃಗದ ಮುಖ ಕೆತ್ತಿದ್ದಾರೆ, ಮಳೆಗಾಳಿಗೆ ಸವೆದಿದೆ, ಹುಡುಕಿ ನೋಡು. ಗುಜರಾತಿನ ಸುಲ್ತಾನ ಅಲ್ಬುಕರ್ಕ್‌ಗೆ ಒಂದು ಘೇಂಡಾಮೃಗ ಕೊಟ್ಟ. ಅವನು ಅದನ್ನು ಗೋವಾದಿಂದ ಹಡಗಿನಲ್ಲಿ ರಾಜ ಮನುವೆಲ್‌ಗೆ ಕಳಿಸಿದ. 1515ರ ಮೇ ತಿಂಗಳಲ್ಲಿ ಅದು ಇಲ್ಲಿ ಇಳಿಯಿತು. ಆನೆಗೂ ಇದಕ್ಕೂ ಹುಟ್ಟು ವೈರ ಅಂತ ಹಳೇ ರೋಮಿನವರು ಬರೆದಿದ್ದರಂತೆ. ಪರೀಕ್ಷೆ ಮಾಡೋಣ ಅಂತ ರಾಜ ಎರಡನ್ನೂ ಎದುರುಬದುರು ಬಿಟ್ಟ. ಆನೆ ಓಡಿಹೋಯಿತು! ಅದೇ ವರ್ಷದ ಕೊನೆಗೆ ಘೇಂಡಾಮೃಗವನ್ನು ಪೋಪರಿಗೆ ಉಡುಗೊರೆ ಅಂತ ಕಳಿಸಿದರು. ಇಟಲಿಯ ಹತ್ತಿರ ಹಡಗು ಮುಳುಗಿ ಸರಪಳಿ ಸಮೇತ ಸತ್ತುಹೋಯಿತು. ಪಾಪದ ಪ್ರಾಣಿ.

ಪಕ್ಕದಲ್ಲೇ 50 ಮೀಟರಿಗಿಂತ ಎತ್ತರದ ಹಡಗಿನಾಕಾರದ ಸ್ಮಾರಕ ಇದೆ. 'ಕಂಡುಹಿಡಿದವರ' ನೆನಪಿಗೆ ಅಂತ 1960ರಲ್ಲಿ, ಸಲಜಾರ್‌ನ ಸರ್ವಾಧಿಕಾರದ ಕಾಲದಲ್ಲಿ ಕಟ್ಟಿದ್ದು. ಎದುರಿನ ನೆಲದಲ್ಲಿ ಅಮೃತಶಿಲೆಯ ಜಗತ್ತಿನ ನಕ್ಷೆ. ಇವರು ಎಲ್ಲೆಲ್ಲಿ ಯಾವ ವರ್ಷ ಮುಟ್ಟಿದರು ಅಂತ ಬರೆದಿದೆ. ಜನ ಅದರ ಮೇಲೆ ನಿಂತು ಸೆಲ್ಫಿ ತೆಗೆಯುತ್ತಾರೆ. ನೀನೂ ತೆಗಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮನ್ನು ಯಾರೂ ಕಂಡುಹಿಡಿಯಬೇಕಾಗಿರಲಿಲ್ಲ. ವಾಸ್ಕೊ ಡ ಗಾಮ 1497ರ ಜುಲೈನಲ್ಲಿ ಈ ದಂಡೆಯಿಂದಲೇ ಹೊರಟು ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಹತ್ತಿರ ಇಳಿದ. ವಾಪಸ್ ಹೋಗುವಾಗ ಕಾರವಾರದ ಎದುರಿನ ಅಂಜುದೀವದಲ್ಲಿ ತಂಗಿದ. ಅವನು ಬರುವ ಎಷ್ಟೋ ಕಾಲ ಮೊದಲೇ ಅರಬರ ಹಡಗುಗಳು ನಮ್ಮ ಬಂದರುಗಳಿಗೆ ಬಂದು ಹೋಗುತ್ತಿದ್ದವು. 1505ರಲ್ಲಿ ಇವರ ವೈಸ್‌ರಾಯ್ ಅಲ್ಮೇಡಾ ಹೊನ್ನಾವರಕ್ಕೆ ನುಗ್ಗಿ ಹಡಗುಗಳಿಗೆ ಬೆಂಕಿ ಇಟ್ಟ. ನೀನು ಸಣ್ಣವಳಿದ್ದಾಗ ಗಾಳ ಹಾಕುತ್ತಿದ್ದ ಅದೇ ಬಂದರು.

ಹೀಗಿದ್ದರೂ ಮಠದ ಒಳಗೆ ಹೋದರೆ ಬಾಯಿ ಮಾತು ನಿಲ್ಲುತ್ತದೆ. ಸುಳ್ಳು ಹೇಳಲಾರೆ. ತಾಳೆಮರದ ಹಾಗೆ ಎದ್ದ ಕಂಬಗಳು, ಕಲ್ಲಿನಲ್ಲೇ ಹಗ್ಗ, ಹವಳ, ಹಡಗು. 1500ರ ಆಸುಪಾಸಿನಲ್ಲಿ ಶುರುವಾದ ಕೆಲಸ ನೂರು ವರ್ಷ ನಡೆಯಿತು. ಅದಕ್ಕೆ ದುಡ್ಡು ಬಂದದ್ದು ಮೆಣಸಿನಿಂದ. ಆಫ್ರಿಕಾ, ಪೂರ್ವ ದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಷ್ಟು ಇದಕ್ಕೆ ಅಂತ ಎತ್ತಿಟ್ಟರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇದೇ ಜನ ಮೆಣಸಿನ ರಾಣಿ ಅಂತ ಕರೆದದ್ದು ಗೊತ್ತಲ್ಲ? ನಮ್ಮ ಘಟ್ಟದ ಬುಡದ ಕಾಳುಮೆಣಸೂ ಲಿಸ್ಬನ್‌ಗೆ ಹೋಗುತ್ತಿದ್ದ ಕಾಲ ಅದು. ಕಲ್ಲು ಅವರದು, ಕೆತ್ತಿದ ಕೈ ಅವರದು, ಖರ್ಚಿನಲ್ಲಿ ನಮ್ಮದೂ ಪಾಲಿದೆ. ಧೈರ್ಯವಾಗಿ ಕಣ್ತುಂಬ ನೋಡು. ಚರ್ಚಿನ ಬಾಗಿಲ ಹತ್ತಿರವೇ ಗಾಮನ ಗೋರಿ ಇದೆ. ಅವನು 1524ರಲ್ಲಿ ಕೊಚ್ಚಿಯಲ್ಲಿ ಸತ್ತವನು. ಎಲುಬು ಮಾತ್ರ ಊರಿಗೆ ಬಂದದ್ದು.

ಹೊರಗೆ ಬಂದರೆ 1837ರಿಂದ ನಡೆಯುತ್ತಿರುವ ಪಾಶ್ತೈಸ್ ದ ಬೆಲೆಂ ಅಂಗಡಿ, ಕಸ್ಟರ್ಡ್ ತುಂಬಿದ ಸಣ್ಣ ಸಿಹಿತಿಂಡಿಗೆ ಹೆಸರಾದದ್ದು. ಕ್ಯೂ ನೋಡಿ ಹೆದರಬೇಡ, ಅದು ಕಟ್ಟಿಸಿಕೊಂಡು ಹೋಗುವವರದು. ಒಳಗೆ ಕೂರಲು ಕೋಣೆಯ ಹಿಂದೆ ಕೋಣೆ ಇದೆ. ಬಿಸಿ ಇರುವಾಗಲೇ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನು. ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ನೀನು ಮೊಟ್ಟೆ ತಿನ್ನುತ್ತೀ ಅಂತ ನಿನ್ನಮ್ಮನಿಗೆ ನಾನಾಗಿ ಹೇಳುವವಳಲ್ಲ.

ಊಟದ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಹೋಟೆಲಿನಲ್ಲಿ ಕೂತ ಕೂಡಲೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ. ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ, ಬೇಡವಾದರೆ ವಾಪಸ್ ತಗೊಂಡು ಹೋಗಿ ಅನ್ನು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. 'ಕಾಲ್ದು ವೆರ್ದ್' ಅನ್ನುವ ಸೊಪ್ಪು ಆಲೂಗಡ್ಡೆ ಸೂಪು ನೋಡಲು ನಮ್ಮದೇ ಅನ್ನಿಸುತ್ತದೆ, ಆದರೆ ಅದರಲ್ಲಿ ಹಂದಿಮಾಂಸದ ತುಂಡು ಹಾಕುತ್ತಾರೆ. ಮಾಂಸ ಬೇಡ ಅಂದರೆ ಮೀನು ತಂದುಕೊಡುವ ಜನ. ಎರಡೂ ಬೇಡ ಅಂತ ಬಿಡಿಸಿ ಹೇಳಬೇಕು. ಲುಮಿಯಾರ್ ಕಡೆ ರಾಧಾಕೃಷ್ಣ ದೇವಸ್ಥಾನ ಇದೆ. 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾದಾಗ ಅಲ್ಲಿಂದ ಬಂದ ಗುಜರಾತಿಗಳೇ ಅಲ್ಲಿ ಜಾಸ್ತಿ. ಅಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ, ಫೋನ್ ಮಾಡಿ ಹೊತ್ತು ಕೇಳಿಕೊಂಡು ಹೋಗು. ಇನ್ನು ಬೀದಿಯಲ್ಲಿ ನವೆಂಬರಿನಲ್ಲಿ ಸುಟ್ಟ ಚೆಸ್ಟ್‌ನಟ್ ಮಾರುತ್ತಾರೆ, ಕಾಗದದ ಪೊಟ್ಟಣದಲ್ಲಿ. ಹೊಟ್ಟೆಗೂ ಆಯಿತು, ಕೈಗೂ ಬೆಚ್ಚಗೆ. ಕಾಫಿ ಕೌಂಟರಿನಲ್ಲಿ ನಿಂತೇ ಕುಡಿ. ಕೂತರೆ ಎಷ್ಟೋ ಕಡೆ ರೇಟು ಜಾಸ್ತಿ.

ಸೋಮವಾರ ಊರಿನ ನಡುಭಾಗ. ಬೈಶಾದ ನೇರ ನೇರ ಬೀದಿಗಳು ಭೂಕಂಪದ ಮೇಲೆ ಮಂತ್ರಿ ಪೊಂಬಾಲ್ ಕಟ್ಟಿಸಿದ್ದು. ಆ ಮನೆಗಳ ಗೋಡೆಯೊಳಗೆ ಮರದ ಚೌಕಟ್ಟಿನ ಪಂಜರ ಇದೆ, ನೆಲ ಅಲುಗಿದರೂ ಮನೆ ಬೀಳಬಾರದು ಅಂತ. ಮಾದರಿ ಕಟ್ಟಿ ಸುತ್ತ ಸೈನಿಕರನ್ನು ಕುಣಿಸಿ ಪರೀಕ್ಷೆ ಮಾಡಿದ್ದರಂತೆ. ಮೇಲೆ ಕಾರ್ಮೊ ಮಠಕ್ಕೆ ಹೋಗು. ಭಾನುವಾರ ಅದಕ್ಕೆ ರಜೆ, ಅದಕ್ಕೇ ಸೋಮವಾರಕ್ಕೆ ಇಟ್ಟದ್ದು. ಭೂಕಂಪಕ್ಕೆ ಹಾರಿಹೋದ ಮಾಡನ್ನು ಮತ್ತೆ ಹಾಕಿಲ್ಲ. ಬರೀ ಕಮಾನು, ಮೇಲೆ ಆಕಾಶ. ಇಡೀ ಲಿಸ್ಬನ್‌ನಲ್ಲಿ ಒಂದೇ ಒಂದು ಜಾಗಕ್ಕೆ ಟಿಕೆಟ್ ಕೊಡಬೇಕು ಅಂದರೆ ನಾನು ಇಲ್ಲಿಗೇ ಕೊಡುವವಳು. ಎದುರಿನ ಚೌಕದಲ್ಲೇ 1974ರ ಏಪ್ರಿಲ್ 25ರಂದು ಸರ್ವಾಧಿಕಾರ ಮುಗಿದದ್ದು. ಸೈನಿಕರ ಬಂದೂಕಿನ ಬಾಯಿಗೆ ಜನ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು.

ಸಾಂತಾ ಜುಸ್ತಾ ಲಿಫ್ಟಿಗೆ ಕ್ಯೂ ನಿಂತು ಅರ್ಧ ದಿನ ಹಾಳು ಮಾಡಬೇಡ. ಗುಡ್ಡ ಹತ್ತುವ ಫ್ಯೂನಿಕ್ಯುಲರ್ ಗಾಡಿಗಳ ಕತೆ ಬೇರೆ. 2025ರ ಸೆಪ್ಟೆಂಬರಿನಲ್ಲಿ ಗ್ಲೋರಿಯಾ ಗಾಡಿ ಹಳಿ ತಪ್ಪಿ 16 ಜನ ಸತ್ತರು. ಯಾವುದು ಓಡುತ್ತಿದೆ, ಯಾವುದು ಇಲ್ಲ ಅಂತ ಅಲ್ಲೇ ಕೇಳಿಕೋ, ಸಿಗದಿದ್ದರೆ ಮೆಟ್ಟಿಲು ಹತ್ತು. ವಯಸ್ಸಿದೆ ನಿನಗೆ.

ರೋಸಿಯು ಪಕ್ಕದ ಸಾಂವ್ ದೊಮಿಂಗೊಸ್ ಚರ್ಚನ್ನು ಯಾರೂ ಪಟ್ಟಿಯಲ್ಲಿ ಹಾಕುವುದಿಲ್ಲ. 1959ರಲ್ಲಿ ಒಳಗೆಲ್ಲ ಸುಟ್ಟುಹೋಗಿತ್ತು. ಸುಟ್ಟು ಬಿರಿದ ಕಂಬಗಳನ್ನು ಹಾಗೇ ಬಿಟ್ಟಿದ್ದಾರೆ. 1506ರಲ್ಲಿ ಇಲ್ಲಿಂದಲೇ ಶುರುವಾದ ಗಲಭೆಯಲ್ಲಿ, ಬಲವಂತದಿಂದ ಕ್ರೈಸ್ತರಾಗಿದ್ದ ಯಹೂದಿಗಳನ್ನು ಹುಡುಕಿ ಕೊಂದರು. ಹೊರಗೆ ಅದರ ನೆನಪಿನ ಕಲ್ಲು ಇದೆ. ಚೌಕದಲ್ಲಿ ಈಗ ನಾಟಕ ಮಂದಿರ ಇರುವ ಜಾಗದಲ್ಲಿ ಆಮೇಲಿನ ಕಾಲದಲ್ಲಿ ಇನ್‌ಕ್ವಿಸಿಷನ್ನಿನ, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯದ, ಅರಮನೆ ಇತ್ತು. ಅದೇ ವ್ಯವಸ್ಥೆ 1560ರಲ್ಲಿ ಗೋವಾಕ್ಕೂ ಬಂತು. ನಮ್ಮ ಕುಮಟಾ, ಹೊನ್ನಾವರದ ಕೊಂಕಣಿ ಮನೆಗಳಲ್ಲಿ ದೇವರನ್ನು ಹೊತ್ತು ಗೋವಾ ಬಿಟ್ಟು ಬಂದ ಕತೆ ಕೇಳಿದ್ದೀಯಲ್ಲ.

ಐದೂವರೆಗೆಲ್ಲ ಕತ್ತಲಾಗುತ್ತದೆ. ಅದಕ್ಕೆ ಮೊದಲು ಕೈಸ್ ದೊ ಸೊದ್ರೆಯಿಂದ ಕಾಸಿಲ್ಯಾಸ್‌ಗೆ ಹೋಗುವ ಫೆರಿ ಹತ್ತು. ಹತ್ತು ನಿಮಿಷದ ದಾರಿ, ಕೆಲಸ ಮುಗಿಸಿ ಮನೆಗೆ ಹೋಗುವವರೇ ತುಂಬಿರುತ್ತಾರೆ. ದುಡ್ಡು ಸುರಿದು ಸನ್‌ಸೆಟ್ ಕ್ರೂಸ್ ಮಾಡುವವರಿಗೆ ಕಾಣುವುದೂ ಇದೇ ಊರು, ಇದೇ ಹೊಳೆ.

ಮಂಗಳವಾರ ಬೆಳಿಗ್ಗೆ ಕಾಂಪು ದ ಸಾಂತಾ ಕ್ಲಾರಾದಲ್ಲಿ ಫೈರಾ ದ ಲಾದ್ರಾ ಸಂತೆ. ಮಂಗಳವಾರ, ಶನಿವಾರ ಮಾತ್ರ ನಡೆಯುವುದು. ಹಳೇ ಗಡಿಯಾರ, ಹಿತ್ತಾಳೆ, ಪುಸ್ತಕ, ಎಲ್ಲ ಇದೆ. ಹಳೇ ಅಜುಲೇಜು ಟೈಲ್ಸ್ ಮಾತ್ರ ಕೊಳ್ಳಬೇಡ. ಎಷ್ಟೋ ಟೈಲ್ಸು ಮನೆಗಳ ಗೋಡೆಯಿಂದ ಕಿತ್ತು ತಂದ ಕಳ್ಳಮಾಲು. ಬೇಕಾದರೆ ಹೊಸದು ಮಾಡುವವರ ಅಂಗಡಿಯಲ್ಲಿ ತಗೋ. ದೊಡ್ಡಪ್ಪನಿಗೆ ಕಾರ್ಕ್‌ನ ಒಂದು ಪರ್ಸು ತಾ, ಹಗುರ ಇರುತ್ತದೆ. ನನಗೆ ಏನೂ ಬೇಡ. ಸರಿ, ಅಷ್ಟು ಕೇಳುತ್ತೀ ಅಂದರೆ ಕಾರ್ಮೊದ ಒಂದು ಪೋಸ್ಟ್‌ಕಾರ್ಡ್.

ಶುಕ್ರವಾರ ಮುಟ್ಟಿದ ಮೇಲೆ ಅಮ್ಮನಿಗೆ ತಿಳಿಸು. ಅಲ್ಲಿ ಗಡಿಯಾರ ಮ್ಯೂನಿಕ್‌ಗಿಂತ ಒಂದು ಗಂಟೆ ಹಿಂದೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಇಲ್ಲಿ ಬೆಳಗಿನ ಜಾವ ಮೂರೂವರೆ, ಅವಳು ಗಾಬರಿಯಾಗಿ ಏಳುತ್ತಾಳೆ. ಮೆಸೇಜ್ ಹಾಕು ಸಾಕು.

ಇಂತಿ,
ದೊಡ್ಡಮ್ಮ