ನಮ್ಮ ಭಾನುವಾರದ ವಿಜ್ಞಾನಕ್ಕೆ ಹೆಗಲು ಕೊಟ್ಟವರಿಗೆ

ಹಿರಿಯೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದ ಹುಡುಗಿ ಈ ತಿಂಗಳು ಭೂವಿಜ್ಞಾನದಲ್ಲಿ ಪಿಎಚ್.ಡಿ.ಗೆ ಸೇರಿದ್ದಾಳೆ. ಎಂಟನೇ ಕ್ಲಾಸಿನಿಂದ ನಮ್ಮ ಭಾನುವಾರದ ವಿಜ್ಞಾನ ಪಾಠಕ್ಕೆ ಬರುತ್ತಿದ್ದವಳು. ಸುದ್ದಿ ಕೇಳಿದವರೆಲ್ಲ ನನ್ನನ್ನು ಅಭಿನಂದಿಸುತ್ತಿದ್ದೀರಿ. ಆದರೆ ಇದಕ್ಕೆ ಹೆಗಲು ಕೊಟ್ಟವರು ಬಹಳ ಜನ. ಅವರಿಗೆ ಎಲ್ಲರ ಎದುರೇ ಥ್ಯಾಂಕ್ಸ್ ಹೇಳಬೇಕು.

ಮೊದಲು ಆ ಶಾಲೆಯ ಹೆಡ್‌ಮಾಸ್ಟರಿಗೆ. ರಜೆಯ ದಿನವೂ ಬಂದು ಬೀಗ ತೆಗೆದುಕೊಟ್ಟರು. ಇದು ಪರೀಕ್ಷೆಗೆ ಬರುತ್ತಾ ಅಂತ ಒಮ್ಮೆಯೂ ಕೇಳಲಿಲ್ಲ. ಮಕ್ಕಳನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋಗೋಣ ಅಂದಾಗ ಮನೆಮನೆಗೆ ಹೋಗಿ ಅಪ್ಪ ಅಮ್ಮಂದಿರನ್ನು ಒಪ್ಪಿಸಿದರು.

ಮರಡಿಹಳ್ಳಿಯ ಬಂಡೆಗಳನ್ನು ನೋಡಿದವರಿಗೆ ಗೊತ್ತು, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗಿವೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ಹೊರಮೈ ತಟ್ಟನೆ ತಣ್ಣಗಾಗಿ ಹೀಗೆ ಉಂಡೆಯುಂಡೆಯಾಗಿ ಗಟ್ಟಿಯಾಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಈ ಹುಡುಗಿ ಎದ್ದು ನಿಂತಳು. "ಇಲ್ಲಿ ಅಷ್ಟೊಂದು ನೀರಿತ್ತು ಅಂದ್ರೆ ನಮ್ಮ ತೋಟದ ಬೋರು ಯಾಕೆ ಬತ್ತಿತು, ಮಿಸ್?"

ಅವತ್ತು ನಮ್ಮ ಜೊತೆ ದಾವಣಗೆರೆಯಿಂದ ಬಂದಿದ್ದ ಎಂ.ಎಸ್ಸಿ. ಹುಡುಗ ಆ ಪ್ರಶ್ನೆಯನ್ನು ಬಿಡಲಿಲ್ಲ. ಮುಂದಿನ ವಾರ ಎರಡು ಕಲ್ಲು, ಒಂದು ಮಗ್ ನೀರು ತಂದ. ಗಟ್ಟಿ ಕಲ್ಲು ನೀರು ಹೀರುವುದಿಲ್ಲ, ಬಿರುಕಿದ್ದಲ್ಲಿ ಮಾತ್ರ ಇಳಿಯುತ್ತದೆ ಅಂತ ತೋರಿಸಿದ. ನಮ್ಮ ಬೋರಿನಲ್ಲಿ ಬರುವುದು ಆ ಹಳೇ ಸಮುದ್ರದ ನೀರಲ್ಲ, ಬಿರುಕುಗಳಲ್ಲಿ ನಿಂತ ಮಳೆ ನೀರು. ಮಳೆ ಇಂಗಿದ್ದಕ್ಕಿಂತ ಜಾಸ್ತಿ ಎತ್ತಿದರೆ ಬತ್ತುತ್ತದೆ. ಎಲ್ಲವನ್ನೂ ಹಳ್ಳಿಯ ಮಾತಿನಲ್ಲೇ ಹೇಳಿದ. ಸಂಶೋಧನೆ ಮಾಡುವವರಿಗೆ ಇದು ಬರಲೇಬೇಕು ಅಂತ ನಾನು ನಂಬಿದ್ದೇನೆ. ತಾನು ಓದಿದ್ದನ್ನು ಎಂಟನೇ ಕ್ಲಾಸಿನ ಮಗುವಿಗೆ ಹೇಳಲು ಕೂತಾಗಲೇ ಎಲ್ಲಿ ಅರ್ಥವಾಗಿಲ್ಲ ಅನ್ನುವುದು ಗೊತ್ತಾಗುತ್ತದೆ, ಅಲ್ವಾ? ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ ಬಂದ ಅವನಿಗೂ, ಅವನ ನಂತರ ಬಂದ ಎಲ್ಲ ಯುವ ಸಂಶೋಧಕರಿಗೂ ನಾನು ಋಣಿ.

ಬಿಸಿಯೂಟದ ಅಕ್ಕಂದಿರಿಗೆ ಭಾನುವಾರ ಕೆಲಸವಿರಲಿಲ್ಲ. ಆದರೂ ಮಂಡಕ್ಕಿ ಒಗ್ಗರಣೆ ಮಾಡಿ ತಂದರು. ತಂದು ಸುಮ್ನೆ ಹೋಗುತ್ತಿರಲಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುತ್ತಿದ್ದರು.

ಆ ಹುಡುಗಿಯ ಅಮ್ಮನಿಗೆ ಏನು ಹೇಳಲಿ? ಪಿಯುಸಿ ಆದಮೇಲೆ ಮದುವೆಯ ಮಾತು ಬಂದಾಗ "ಅವಳು ಓದ್ತಾಳೆ" ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ನಿಮ್ಮ ಆ ಮಾತಿಲ್ಲದಿದ್ದರೆ ನಮ್ಮ ಪಾಠಗಳು ಅಲ್ಲಿಗೇ ನಿಲ್ಲುತ್ತಿದ್ದವು, ಅಮ್ಮಾ.

ಈ ಸಲ ಒಂಬತ್ತನೇ ಕ್ಲಾಸಿನ ಇಬ್ಬರು ಮಕ್ಕಳು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ತಮ್ಮೂರಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಯೋಜನೆ ಮಾಡುತ್ತಿದ್ದಾರೆ. ಅವರಿಗೆ ಪ್ರತಿ ಭಾನುವಾರ ಫೋನಿನಲ್ಲಿ ಮಾರ್ಗದರ್ಶನ ಮಾಡುತ್ತೇನೆ ಅಂತ ಅವಳೇ ಮುಂದೆ ಬಂದಿದ್ದಾಳೆ. ಅದಕ್ಕೂ ಥ್ಯಾಂಕ್ಸ್, ಮಗಳೇ.